ಗಿರಣಿಗೆ ರವಿವಾರ ತಂದ ನಾರಾಯಣ ಮೇಘಾಜಿ ಲೋಖಂಡೆ

ನಮ್ಮ ಸಂಘದ ಹಳೆಯ ಆಹ್ವಾನ ಪತ್ರಿಕೆಗಳನ್ನು ಒಟ್ಟುಗೂಡಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತಾಳಮದ್ದಳೆಯಿರಲಿ, ನಾಟಕವಿರಲಿ, ರಾಜ್ಯೋತ್ಸವವಿರಲಿ, ಮಕ್ಕಳ ಕನ್ನಡ ವರ್ಗವಿರಲಿ, ಎಲ್ಲದರ ಮೇಲೂ ಅಚ್ಚಾಗಿರುವ ವಾರ ಒಂದೇ, ರವಿವಾರ. ಹುಣ್ಣಿಮೆಯ ಸತ್ಯನಾರಾಯಣ ಪೂಜೆಯನ್ನು ಕೂಡ ಎಳೆದು ತಂದು ರವಿವಾರಕ್ಕೆ ಕೂರಿಸುವವರು ನಾವು. ಈ ಒಂದು ದಿನ ನಮ್ಮ ಕೈಗೆ ಹೇಗೆ ಬಂತೆಂದು ಯಾರೂ ಕೇಳುವುದಿಲ್ಲ. ಸೂರ್ಯ ಹುಟ್ಟಿದಂತೆ ಅದೂ ತಾನಾಗಿ ಬರುತ್ತದೆಂದು ನಂಬಿದ್ದೇವೆ.

ನಮ್ಮಂಥ ಕೇಂದ್ರ ಸರಕಾರದ ಗುಮಾಸ್ತರ ಮಟ್ಟಿಗೆ ಅದು ಬಹುಪಾಲು ನಿಜವೂ ಹೌದು. ಇಂಗ್ಲಿಷ್ ಸಾಹೇಬನಿಗೆ ರವಿವಾರ ಇಗರ್ಜಿಗೆ ಹೋಗಬೇಕಾಗಿತ್ತು. ಸಾಹೇಬನಿಲ್ಲದ ಕಚೇರಿಯಲ್ಲಿ ಗುಮಾಸ್ತನಿಗೆ ಏನು ಕೆಲಸ? ಹೀಗಾಗಿ ಕಚೇರಿಯ ರವಿವಾರ ನಮಗೆ ಸಾಹೇಬನ ದೇವರಿಂದ ಬಂದ ಪ್ರಸಾದ. ಆದರೆ ಇದೇ ಮುಂಬಯಿಯಲ್ಲಿ, ಕೋಟೆಯ ಕಚೇರಿಗಳಿಂದ ಮೂರು ನಾಲ್ಕು ಮೈಲು ಉತ್ತರಕ್ಕೆ, ಪರೇಲು, ಲಾಲ್‌ಬಾಗ್, ತಾಡದೇವ, ಭಾಯಖಳಾಗಳ ಹತ್ತಿಗಿರಣಿಗಳಲ್ಲಿ ದುಡಿಯುತ್ತಿದ್ದವರಿಗೆ ಆ ಪ್ರಸಾದ ಸಿಕ್ಕಿರಲಿಲ್ಲ. ಅವರಿಗೆ ರವಿವಾರ ಸಿಕ್ಕಿದ್ದು 1890ನೆಯ ಇಸವಿ ಜೂನ್ 10ರಂದು, ಗಿರಣಿ ಮಾಲಿಕರ ಸಂಘ ಒಪ್ಪಿದ ಮೇಲೆ. ಅದರ ಹಿಂದೆ ಆರು ವರ್ಷ ಓಡಾಡಿದ ಮನುಷ್ಯನ ಹೆಸರು ನಾರಾಯಣ ಮೇಘಾಜಿ ಲೋಖಂಡೆ.

ಈಚೆಗೆ ಕೆಲವರು ಇಡೀ ಹಿಂದುಸ್ಥಾನಕ್ಕೆ ರವಿವಾರದ ರಜೆ ತಂದವರೇ ಲೋಖಂಡೆ ಎಂದು ಬರೆಯುವುದುಂಟು. ಅಷ್ಟು ದೊಡ್ಡ ಮಾತು ಬೇಕಿಲ್ಲವೆಂದು ನಮ್ಮ ಅಭಿಪ್ರಾಯ. ಮಾಡಿದ್ದಕ್ಕಿಂತ ಹೆಚ್ಚಿನದನ್ನು ತಲೆಗೆ ಕಟ್ಟಿದರೆ ಮಾಡಿದ್ದೂ ಮಸುಕಾಗುತ್ತದೆ. ಅವರು ಮಾಡಿದ್ದು ಮುಂಬಯಿಯ ಗಿರಣಿಯವರ ಕೆಲಸ, ಅದೇ ಸಾಕಷ್ಟು ದೊಡ್ಡದು.

ಮೊದಲು ಆ ಗಿರಣಿಗಳ ವಿಷಯ. ಕಾವಸಜಿ ನಾನಾಭಾಯಿ ದಾವರ್ ಎಂಬ ಪಾರಸಿ ವ್ಯಾಪಾರಿ 1854ರಲ್ಲಿ ಕಂಪೆನಿ ಕಟ್ಟಿ ತಾಡದೇವದಲ್ಲಿ ನಿಲ್ಲಿಸಿದ ನೂಲಿನ ಗಿರಣಿ 1856ರಲ್ಲಿ ಕೆಲಸ ಆರಂಭಿಸಿತು. ಅಲ್ಲಿಂದ ಮುಂದೆ ಒಂದರ ಹಿಂದೆ ಒಂದು ಚಿಮಣಿ ಎದ್ದು, 1890ರ ಹೊತ್ತಿಗೆ ಊರಿನಲ್ಲಿ ಸುಮಾರು 70 ಗಿರಣಿಗಳು, ಐವತ್ತು ಸಾವಿರಕ್ಕೂ ಮೀರಿದ ಕೆಲಸಗಾರರು. ಬಂದವರಲ್ಲಿ ಹೆಚ್ಚಿನವರು ರತ್ನಾಗಿರಿ, ಸಾತಾರ, ಪುಣೆ ಕಡೆಯ ರೈತ ಮಕ್ಕಳು. ಹೊಲ ಸಾಲದಾದಾಗ, ಸಾಲ ಹೆಚ್ಚಾದಾಗ ಹಡಗಿನಲ್ಲಿಯೋ ಕಾಲುನಡಿಗೆಯಲ್ಲಿಯೋ ಬಂದು, ಊರಿನವನೊಬ್ಬನ ಖೋಲಿಯಲ್ಲಿ ಹತ್ತು ಜನರ ನಡುವೆ ಚಾಪೆ ಹಾಸಿದವರು. ಈ ಕಥೆಯನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾಲದ ಗಿರಣಿಗೆ ದೀಪವಿರಲಿಲ್ಲ. ವಿದ್ಯುದ್ದೀಪ ಬಂದು ರಾತ್ರಿಯನ್ನೂ ಹಗಲು ಮಾಡಿದ್ದು ಆಮೇಲಿನ ಮಾತು. ಆದ್ದರಿಂದ ಸೂರ್ಯ ಹುಟ್ಟಿದಾಗ ಯಂತ್ರ ಹೊರಡುವುದು, ಮುಳುಗಿದಾಗ ನಿಲ್ಲುವುದು. ಮುಂಬಯಿ ಇರುವುದು 19ನೆಯ ಅಕ್ಷಾಂಶದಲ್ಲಿ. ಇಲ್ಲಿ ಡಿಸೆಂಬರ್ ತಿಂಗಳ ಹಗಲು ಸುಮಾರು 11 ಗಂಟೆ, ಜೂನ್ ತಿಂಗಳಿನದು 13 ಗಂಟೆಯ ಮೇಲೆ. ನಾವು ಕಾಲೇಜಿನಲ್ಲಿ ಭೂಮಿಯ ಅಕ್ಷದ ಓರೆಯನ್ನು ಲೆಕ್ಕದ ಪುಸ್ತಕದಲ್ಲಿ ಕಲಿತೆವು. ಗಿರಣಿಯವರು ಅದನ್ನು ಮೈಮೇಲೆ ಕಲಿತರು. ಚಳಿಗಾಲದ ಕೂಲಿಯೇ ಬೇಸಿಗೆಗೂ, ಆದರೆ ದುಡಿತ ಮಾತ್ರ ದಿನಕ್ಕೆ ಎರಡು ಗಂಟೆ ಜಾಸ್ತಿ. ಮನೆಯಲ್ಲಿ ಗಡಿಯಾರವಿಲ್ಲ. ಬೆಳಕು ಹರಿಯುವ ಮೊದಲೇ ಬಾಗಿಲಲ್ಲಿ ನಿಂತಿರದಿದ್ದರೆ ಪಗಾರಕ್ಕೆ ಕತ್ತರಿ. ಎಳೆ ತುಂಡಾಗಬಾರದೆಂದು ನೂಲುವ ಖಾತೆಯಲ್ಲಿ ಗಾಳಿಯನ್ನು ತೇವವಾಗಿಯೇ ಇಡುತ್ತಾರೆ. ಹತ್ತಿಯ ದೂಳು ಮೂಗು, ಬಾಯಿ, ಕಣ್ಣುಗಳಿಗೆಲ್ಲ. ಅದರ ನಡುವೆ ಏಳೆಂಟು ವರ್ಷದ ಮಕ್ಕಳು ಕಂಡಿಕೆ ಬದಲಾಯಿಸುತ್ತ ಓಡಾಡುವುದು.

ರಜೆಯ ವ್ಯವಸ್ಥೆಯೂ ಸೋಜಿಗದ್ದೇ. ದೊಡ್ಡ ಹಬ್ಬಗಳಿಗೆ ಗಿರಣಿ ಮುಚ್ಚುತ್ತಿತ್ತು. ಕೆಲವು ಗಿರಣಿಗಳು ರವಿವಾರ ಯಂತ್ರ ನಿಲ್ಲಿಸುತ್ತಿದ್ದದ್ದೂ ಉಂಟು. ಆದರೆ ನಿಂತ ಯಂತ್ರವನ್ನು ಒರೆಸಿ ಎಣ್ಣೆ ಹಾಕುವವರು ಯಾರು? ಅದೇ ಕೆಲಸಗಾರರು ಅರ್ಧ ದಿನ ಬಂದು ಮಾಡಬೇಕು. ಅಂದರೆ ರವಿವಾರ ವಿಶ್ರಾಂತಿ ಸಿಗುತ್ತಿದ್ದದ್ದು ಕಬ್ಬಿಣಕ್ಕೆ, ಮನುಷ್ಯನಿಗಲ್ಲ.

ಪಗಾರದ ವಿಷಯ ಇನ್ನೂ ಕೆಟ್ಟದ್ದು. ತಿಂಗಳು ಮುಗಿದು ಮತ್ತೆ ವಾರಗಳು ಕಳೆದ ಮೇಲೆ ಪಗಾರ. ಕೈಯಲ್ಲಿ ಯಾವಾಗಲೂ ಒಂದು ತಿಂಗಳ ದುಡಿತವನ್ನು ಹಿಡಿದಿಟ್ಟುಕೊಂಡರೆ ಆಳು ಬಿಟ್ಟು ಓಡುವುದಿಲ್ಲವೆಂಬ ಲೆಕ್ಕಾಚಾರ. ಅಲ್ಲಿಯವರೆಗೆ ಅಕ್ಕಿ ಬೇಳೆಗೆ ಅಂಗಡಿಯವನ ಸಾಲ, ಸಾಲಕ್ಕೆ ಬಡ್ಡಿ. ಕೆಲಸ ಕೊಡಿಸುವವನೂ, ಕಳೆಯುವವನೂ ಜಾಬರ್. ಅವನ ಕೈ ಬೆಚ್ಚಗೆ ಮಾಡದೆ ಗಿರಣಿಯ ಬಾಗಿಲು ದಾಟುವಂತಿರಲಿಲ್ಲ.

ಇದಕ್ಕೊಂದು ಕಾಯಿದೆ ಬಂತು, 1881ರಲ್ಲಿ. ಅದು ಬಂದ ದಾರಿಯನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು. ಮುಂಬಯಿಯ ನೂಲು ಅಗ್ಗವಾಗಿ ಮಾರಾಟವಾಗತೊಡಗಿದಾಗ ಲ್ಯಾಂಕಶೈರಿನ ಗಿರಣಿ ಮಾಲಿಕರಿಗೆ ಇಲ್ಲಿಯ ಕೂಲಿಕಾರರ ಮೇಲೆ ಕನಿಕರ ಉಕ್ಕಿತು. ನಮ್ಮವರು ಅದನ್ನು ವಿದೇಶೀ ಮತ್ಸರವೆಂದು ವಿರೋಧಿಸಿದರು. ದೇಶಾಭಿಮಾನಿ ಪತ್ರಿಕೆಗಳೂ ಮಾಲಿಕರ ಪರವಾಗಿಯೇ ಬರೆದವು. ಸೋರಾಬಜಿ ಶಾಪುರಜಿ ಬಂಗಾಲಿಯಂಥ ಒಬ್ಬಿಬ್ಬರು ಮಾತ್ರ, ಹೇಳುವವನ ಮನಸ್ಸು ಹೇಗೇ ಇರಲಿ, ಹೇಳಿದ್ದು ನಿಜವಲ್ಲವೇ ಎಂಬ ನಿಲುವು ತಳೆದು, 1878ರಲ್ಲೇ ತಾವಾಗಿ ಒಂದು ಮಸೂದೆ ಸಿದ್ಧಪಡಿಸಿದ್ದರು. ಕೊನೆಗೆ ಬಂದ ಕಾಯಿದೆ ಏಳು ವರ್ಷದ ಒಳಗಿನ ಮಕ್ಕಳನ್ನು ಗಿರಣಿಗೆ ಸೇರಿಸಬಾರದು, ಏಳರಿಂದ ಹನ್ನೆರಡರವರನ್ನು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಅವರಿಗೆ ತಿಂಗಳಿಗೆ ನಾಲ್ಕು ರಜೆ ಕೊಡಬೇಕು ಎಂದಿತು. ಬೆಳೆದವರ ಬಗ್ಗೆ, ಹೆಂಗಸಾಗಲಿ ಗಂಡಸಾಗಲಿ, ಕೆಲಸದ ಗಂಟೆಗಳ ಬಗ್ಗೆ ಒಂದು ಮಾತಿಲ್ಲ. ಮಗುವಿನ ವಯಸ್ಸು ಏಳೋ ಹನ್ನೆರಡೋ ಎಂದು ಹೇಳುವ ಜನನ ಪತ್ರವಾದರೂ ಯಾರ ಬಳಿ ಇತ್ತು?

ಈಗ ಲೋಖಂಡೆಯವರ ವಿಷಯಕ್ಕೆ ಬರೋಣ. ಅವರು 1848ರಲ್ಲಿ ಠಾಣೆಯಲ್ಲಿ ಹುಟ್ಟಿದರು. ಹೂ ತರಕಾರಿ ಬೆಳೆಯುವ ಫೂಲಮಾಳಿ ಜಾತಿ, ಬಡ ಮನೆತನ. ಅಷ್ಟಿಷ್ಟು ಇಂಗ್ಲಿಷ್ ಓದು ಕೈಗೆ ಹತ್ತಿತು. ರೈಲ್ವೆಯ ಅಂಚೆಯಲ್ಲಿ ಕೆಲವು ಕಾಲ ನೌಕರಿ ಮಾಡಿ, ಆಮೇಲೆ ಮಾಂಡವಿಯ ಒಂದು ಗಿರಣಿಯಲ್ಲಿ ಉಗ್ರಾಣದ ಗುಮಾಸ್ತರಾದರು. ಈ ಕೊನೆಯ ಮಾತನ್ನು ನಾವು ಸ್ವಲ್ಪ ಒತ್ತಿ ಹೇಳುವುದಕ್ಕೆ ಕಾರಣವಿದೆ. ಅವರು ಯಂತ್ರದ ಮುಂದೆ ನಿಂತು ದುಡಿದವರಲ್ಲ. ಎಣ್ಣೆ, ಪಟ್ಟಿ, ಕಂಡಿಕೆ ಎಷ್ಟು ಬಂತು, ಎಷ್ಟು ಹೋಯಿತು ಎಂದು ಖಾತೆ ಬರೆದವರು. ನಮ್ಮ ಜಾತಿಯವರೇ ಎನ್ನಿ, ಗುಮಾಸ್ತ ಜಾತಿ. ಉಗ್ರಾಣದ ಕಿಟಕಿಯಿಂದ ಗಿರಣಿಯ ಅಂಗಳ ಚೆನ್ನಾಗಿ ಕಾಣುತ್ತದೆ. ಯಾರಿಗೆ ಕೈ ಹೋಯಿತು, ಯಾರಿಗೆ ಪಗಾರ ಹಿಡಿದರು, ಯಾರು ಯಾರ ಕಾಲಿಗೆ ಬಿದ್ದರು ಎಲ್ಲವೂ. ಕಂಡವರು ಬಹಳ ಮಂದಿ ಇರಬಹುದು. ಕಂಡದ್ದನ್ನು ಖಾತೆಯಾಚೆಗೆ ಬರೆದ ಗುಮಾಸ್ತರು ಎಷ್ಟು ಮಂದಿ?

ಬರೆಯುವುದಕ್ಕೆ ಅವರಿಗೊಂದು ಪತ್ರಿಕೆ ಸಿಕ್ಕಿತು. ಮಹಾತ್ಮಾ ಜ್ಯೋತಿರಾವ್ ಫುಲೆಯವರು 1873ರಲ್ಲಿ ಪುಣೆಯಲ್ಲಿ ಸತ್ಯಶೋಧಕ ಸಮಾಜ ಕಟ್ಟಿದ್ದರಷ್ಟೆ. ಆ ಬಳಗದ ಕೃಷ್ಣರಾವ್ ಭಾಲೇಕರ್ ಎಂಬವರು 1877ರಲ್ಲಿ 'ದೀನಬಂಧು' ಎಂಬ ಮರಾಠಿ ವಾರಪತ್ರಿಕೆ ಆರಂಭಿಸಿ, ಹಣವಿಲ್ಲದೆ ನಡೆಸಲಾರದೆ ಕೈಬಿಟ್ಟರು. ವಾರಪತ್ರಿಕೆಯ ಪಾಡು ಅಂದೂ ಅಷ್ಟೇ, ಇಂದೂ ಅಷ್ಟೇ. 1880ರಲ್ಲಿ ಲೋಖಂಡೆ ಅದನ್ನು ಮುಂಬಯಿಗೆ ತಂದು ಮತ್ತೆ ಜೀವ ಕೊಟ್ಟು, ಸಾಯುವವರೆಗೂ ಹದಿನೇಳು ವರ್ಷ ಸಂಪಾದಕರಾಗಿ ನಡೆಸಿದರು. ಫುಲೆಯವರ ಸಮಾಜಕ್ಕೆ ಮುಂಬಯಿಯಲ್ಲಿ ದುಡ್ಡಿನ ಬೆಂಬಲ ಕೊಟ್ಟವರಲ್ಲಿ ಇಲ್ಲಿ ಬಂದು ನೆಲೆಸಿದ ತೆಲುಗು ಕಂತ್ರಾಟುದಾರರು ಮುಖ್ಯರು ಎಂಬುದನ್ನು ಪರವೂರಿನಲ್ಲಿ ಬದುಕು ಕಟ್ಟಿಕೊಂಡ ನಾವು ಗಮನಿಸಬೇಕು. ಈ ಊರಿನ ಕಟ್ಟಡಗಳ ಕಲ್ಲು ಹೊತ್ತವರು ಪರಭಾಷೆಯವರು, ಈ ಊರಿನ ಬಡವರ ಪತ್ರಿಕೆಗೆ ಒತ್ತಾಸೆಯಾದವರಲ್ಲೂ ಅವರಿದ್ದರು.

1884ರಲ್ಲಿ ಮುಂಬಯಿ ಸರಕಾರ ಗಿರಣಿಗಳ ವಿಚಾರಣೆಗೆ ಒಂದು ಸಮಿತಿ ನೇಮಿಸಿತು. ಸಮಿತಿ ಕೆಲಸಗಾರರ ಮಾತು ಕೇಳುತ್ತದೋ ಇಲ್ಲವೋ ಎಂದು ಕಾಯುತ್ತ ಕೂರದೆ ಲೋಖಂಡೆ ತಾವೇ ಅವರನ್ನು ಕಲೆಹಾಕಿದರು. ಆ ಸೆಪ್ಟೆಂಬರ್ ತಿಂಗಳಲ್ಲಿ ಪರೇಲಿನಲ್ಲಿ ಎರಡು ಸಭೆಗಳಾದವು. ಒಂದು ಮನವಿ ಸಿದ್ಧವಾಯಿತು. ಅದಕ್ಕೆ 5,500 ಮಂದಿ ಒಪ್ಪಿಗೆಯ ಗುರುತು ಹಾಕಿದರು. ಬೇಡಿಕೆಗಳು ಐದು. ಪ್ರತಿ ರವಿವಾರ ಪೂರ್ತಿ ವಿಶ್ರಾಂತಿ. ನಡುಹಗಲು ಅರ್ಧ ಗಂಟೆ ಬಿಡುವು. ಬೆಳಗ್ಗೆ ಆರೂವರೆಗೆ ಕೆಲಸ ಶುರುವಾಗಿ ಸೂರ್ಯಾಸ್ತಕ್ಕೆ ನಿಲ್ಲಬೇಕು. ಒಂದು ತಿಂಗಳ ಪಗಾರ ಮುಂದಿನ ತಿಂಗಳ 15ರ ಒಳಗೆ ಕೈಸೇರಬೇಕು. ಕೆಲಸದಲ್ಲಿ ಗಾಯವಾದವನಿಗೆ ಗುಣವಾಗುವವರೆಗೆ ಪೂರ್ತಿ ಪಗಾರ ಕೊಡಬೇಕು, ಜೀವಮಾನಕ್ಕೆ ಊನವಾದರೆ ಅವನ ಹೊಟ್ಟೆಪಾಡಿಗೆ ದಾರಿ ಮಾಡಬೇಕು.

ಈ ಐದನ್ನು ನಿಧಾನವಾಗಿ ಇನ್ನೊಮ್ಮೆ ಓದಬೇಕೆಂದು ವಾಚಕರಲ್ಲಿ ನಮ್ಮ ಕೋರಿಕೆ. ಇದರಲ್ಲಿ ಪಗಾರ ಹೆಚ್ಚಿಸಿ ಎಂಬ ಮಾತೇ ಇಲ್ಲ. ದುಡಿದದ್ದನ್ನು ಹದಿನೈದು ದಿನ ತಡವಾಗಿಯಾದರೂ ಕೊಡಿ, ಅದಕ್ಕಿಂತ ತಡ ಮಾಡಬೇಡಿ ಎಂಬುದೇ ಬೇಡಿಕೆ. ಸಂಜೆ ಸೂರ್ಯ ಮುಳುಗುವವರೆಗೆ ದುಡಿಯಲು ಅವರು ಸಿದ್ಧ. ಬೆಳಗ್ಗೆ ಮಾತ್ರ ಸೂರ್ಯನ ಬದಲು ಗಡಿಯಾರ ನೋಡಿ ಎಂದು ಕೇಳಿಕೊಂಡರು. ಬೆಳಗ್ಗೆ ಒಂದರ್ಧ ಗಂಟೆ, ಮಧ್ಯಾಹ್ನ ಒಂದರ್ಧ ಗಂಟೆ, ವಾರಕ್ಕೊಂದು ದಿನ. ಇಷ್ಟು ಸಣ್ಣ ಬೇಡಿಕೆಗೆ ಇಷ್ಟು ದೊಡ್ಡ ಸಭೆಗಳೇ ಎಂದು ಈಗ ಅನಿಸಬಹುದು. ಆದರೆ ಗಾಯದ ಬೇಡಿಕೆಯನ್ನು ನೋಡಿ. ಕೆಲಸದಲ್ಲಿ ಪೆಟ್ಟಾದವನಿಗೆ ಪರಿಹಾರ ಕೊಡಬೇಕೆಂಬ ಕಾಯಿದೆ ಈ ದೇಶಕ್ಕೆ ಬಂದದ್ದು 1923ರಲ್ಲಿ. ಪರೇಲಿನ ಸಭೆ ಅದನ್ನು 39 ವರ್ಷ ಮೊದಲೇ ಕೇಳಿತ್ತು.

ಸಮಿತಿ ವರದಿ ಬರೆಯಿತು, ಸರಕಾರ ಅದನ್ನು ಕಪಾಟಿನಲ್ಲಿಟ್ಟಿತು. ಕಪಾಟಿನ ಬಗ್ಗೆ ನಾವು ಹೆಚ್ಚು ಹೇಳದಿರುವುದು ಲೇಸು, ಅದರ ಬೀಗದ ಕೈ ನಮ್ಮಂಥವರ ಸೊಂಟದಲ್ಲೇ ಇರುತ್ತದೆ. ಲೋಖಂಡೆ ಬಿಡಲಿಲ್ಲ. 1889ರಲ್ಲಿ ಗವರ್ನರ್ ಜನರಲ್ ಅವರಿಗೆ ಮತ್ತೆ ಮನವಿ ಹೋಯಿತು. 1890ರ ಏಪ್ರಿಲ್ 24ರಂದು ಮಹಾಲಕ್ಷ್ಮಿಯ ರೇಸ್ ಕೋರ್ಸಿನ ಬಯಲಿನಲ್ಲಿ ಹತ್ತು ಸಾವಿರ ಕೆಲಸಗಾರರು ಸೇರಿದರು. ಧ್ವನಿವರ್ಧಕವಿಲ್ಲದ ಕಾಲ, ಹಿಂದೆ ನಿಂತವರಿಗೆ ಮುಂದಿನವರು ಹೇಳಿದ್ದೇ ಕೇಳಿಕೆ. ಆ ಸಭೆಯಲ್ಲಿ ಇಬ್ಬರು ಗಿರಣಿ ಹೆಂಗಸರು ಎದ್ದು ನಿಂತು ಮಾತನಾಡಿದರು. ಒಳ್ಳೆಯ ಮನೆತನದ ಹೆಂಗಸರು ಸಭೆಗೆ ಬಂದು ಕೂರುವುದೇ ಅಪರೂಪವಾಗಿದ್ದ ಕಾಲದಲ್ಲಿ, ಹತ್ತಿಯ ನಾರು ತಲೆಗೂದಲಲ್ಲಿಟ್ಟುಕೊಂಡ ಇಬ್ಬರು ಹೆಂಗಸರು ಹತ್ತು ಸಾವಿರ ಜನರ ಎದುರು ವಾರಕ್ಕೊಂದು ದಿನ ಕೊಡಿ ಎಂದು ಕೇಳಿದ್ದು ನಮಗೆ ಲೋಖಂಡೆಯವರ ಎಲ್ಲ ಬಿರುದುಗಳಿಗಿಂತ ದೊಡ್ಡದಾಗಿ ತೋರುತ್ತದೆ. ಕೆಲಸಗಾರನಿಗೆ ರವಿವಾರ ಮಲಗಲಿಕ್ಕಾದರೂ ಆಗುತ್ತದೆ. ಆಕೆಗೆ ಅದು ಬಟ್ಟೆ ಒಗೆಯಲು, ಹಿಟ್ಟು ಬೀಸಲು, ಮಗುವಿನ ತಲೆಗೆ ಎಣ್ಣೆ ಹಚ್ಚಲು ಸಿಗುವ ಹಗಲು.

ಮನವಿ ಈ ಸಲ ಗಿರಣಿ ಮಾಲಿಕರ ಸಂಘಕ್ಕೇ ಹೋಯಿತು. ಒಂದೂವರೆ ತಿಂಗಳಲ್ಲಿ, ಜೂನ್ 10ರಂದು, ಸಂಘ ರವಿವಾರದ ರಜೆಗೆ ಒಪ್ಪಿತು. ಮಾಲಿಕರಿಗೆ ಒಮ್ಮೆಲೇ ಜ್ಞಾನೋದಯವಾಯಿತೆಂದು ತಿಳಿಯಬೇಕಾಗಿಲ್ಲ. ಹೊಸ ಕಾಯಿದೆ ಬರುವ ಸೂಚನೆ ಅವರಿಗೆ ಸಿಕ್ಕಿತ್ತು. ನಾಳೆ ಸರಕಾರ ಕಸಿದುಕೊಳ್ಳುವುದನ್ನು ಇಂದೇ ಕೊಟ್ಟು ಹೆಸರು ಗಳಿಸುವುದು ಜಾಣತನ.

ಎಲ್ಲ ವಾರ ಬಿಟ್ಟು ರವಿವಾರವೇ ಏಕೆ? ಸಾಹೇಬರ ರವಿವಾರವನ್ನು ನಮ್ಮವರು ಎರವಲು ಪಡೆದರೆ? ಇದಕ್ಕೆ ಮರಾಠಿ ಜನರಲ್ಲಿ ಹೇಳುವ ಉತ್ತರವೊಂದಿದೆ. ರವಿವಾರ ಜೇಜುರಿಯ ಖಂಡೋಬನ ದಿನ, ದಖ್ಖಣದ ರೈತನ ಕುಲದೇವರ ದಿನ, ಆದ್ದರಿಂದ ಅದೇ ಬೇಕೆಂದು ಲೋಖಂಡೆ ವಾದಿಸಿದರಂತೆ. ಖಂಡೋಬನೆಂದರೆ ಬೇರೆ ಯಾರೂ ಅಲ್ಲ, ನಮ್ಮ ಮೈಲಾರಲಿಂಗನೇ. ಬಳ್ಳಾರಿ, ಧಾರವಾಡ, ಬಿಜಾಪುರ ಸೀಮೆಯ ಒಕ್ಕಲು ಮನೆಗಳಲ್ಲಿ ಆದಿತ್ಯವಾರ ಮೈಲಾರನಿಗೆ ಮೀಸಲು ಎಂಬುದು ಅಲ್ಲಿಂದ ಬಂದ ಓದುಗರಿಗೆ ಗೊತ್ತಿರುವುದೇ. ಹಾಗೆ ನೋಡಿದರೆ ಸಾಹೇಬನ ಏಸುವೂ ಒಕ್ಕಲಿಗನ ಮೈಲಾರನೂ ಒಂದೇ ದಿನಕ್ಕೆ ಒಪ್ಪಿದ್ದು ಗಿರಣಿಯವರ ಅದೃಷ್ಟ.

ಆಗಿನ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೇ ಸೇರಿದ್ದವು. 1880ರ ದಶಕದಲ್ಲಿ ಗೋಕಾಕ ಜಲಪಾತದ ನೀರಿನ ಬಲದಿಂದ ನಡೆಯತೊಡಗಿದ ಗಿರಣಿಗೂ ಮುಂಬಯಿಯ ಗಿರಣಿಗಳಿಗೂ ಕಾರ್ಖಾನೆ ಕಾಯಿದೆ ಒಂದೇ. ಪರೇಲಿನ ಬಯಲಿನಲ್ಲಿ ಕೂಗಿದ್ದು ಕಾಯಿದೆಯಾಗಿ ಇಳಿದಾಗ ಘಟಪ್ರಭೆಯ ದಂಡೆಗೂ ತಲುಪಬೇಕಾಗಿತ್ತು.

ಆ ಕಾಯಿದೆ 1891ರದು. ಅದರ ಹಿಂದಿನ ವರ್ಷ ಭಾರತ ಸರಕಾರ ನೇಮಿಸಿದ ಕಾರ್ಖಾನೆ ಆಯೋಗದಲ್ಲಿ ಲೋಖಂಡೆ ಮುಂಬಯಿಯ ಸ್ಥಳೀಯ ಸಹಸದಸ್ಯರಾಗಿದ್ದರು. ಉಗ್ರಾಣದ ಗುಮಾಸ್ತ ಸರಕಾರದ ಮೇಜಿನ ಈಚೆ ಬದಿಯಲ್ಲಿ ಕುರ್ಚಿ ಪಡೆದ. ಎಲ್ಲರಿಗೂ ವಾರಕ್ಕೊಂದು ರಜೆ, ನಡುಹಗಲು ಅರ್ಧ ಗಂಟೆ ಬಿಡುವು, ಹೆಂಗಸರಿಗೆ ದಿನಕ್ಕೆ 11 ಗಂಟೆಯ ಮಿತಿ, ಒಂಬತ್ತು ವರ್ಷದ ಒಳಗಿನ ಮಕ್ಕಳಿಗೆ ಗಿರಣಿ ನಿಷಿದ್ಧ, ಒಂಬತ್ತರಿಂದ ಹದಿನಾಲ್ಕರವರಿಗೆ ಏಳು ಗಂಟೆ. ಗಂಡಸರ ಗಂಟೆಗಳಿಗೆ ಮಾತ್ರ ಯಾವ ಮಿತಿಯೂ ಬರಲಿಲ್ಲ. ಅದು 1911ರವರೆಗೆ ಕಾಯಬೇಕಾಯಿತು, ಅದೂ ಹನ್ನೆರಡು ಗಂಟೆ ಎಂದು.

ಇಲ್ಲಿ ಒಂದು ಕಡತದ ವಿಷಯ ಹೇಳಲೇಬೇಕು. ಲೋಖಂಡೆ ತಮ್ಮನ್ನು ಮುಂಬಯಿ ಗಿರಣಿ ಕೆಲಸಗಾರರ ಸಂಘದ ಅಧ್ಯಕ್ಷರೆಂದು ಕರೆದುಕೊಳ್ಳುತ್ತಿದ್ದರು. 1892ರ ಸರಕಾರಿ ವರದಿಯೊಂದು ಈ ಸಂಘ ನಿಜವಾಗಿ ಇಲ್ಲವೇ ಇಲ್ಲ ಎಂದು ತೀರ್ಪು ಕೊಟ್ಟಿತು. ಅದಕ್ಕೆ ಸದಸ್ಯರ ಪಟ್ಟಿ ಇಲ್ಲ, ನಿಧಿ ಇಲ್ಲ, ನಿಯಮಾವಳಿ ಇಲ್ಲ, ತನ್ನ ಬಳಿ ಬಂದವರಿಗೆ ಈ ಮನುಷ್ಯ ಬಿಟ್ಟಿ ಸಲಹೆ ಕೊಡುತ್ತಾನೆ ಅಷ್ಟೇ ಎಂಬುದು ಅದರ ತಾತ್ಪರ್ಯ. ಇತಿಹಾಸ ಬರೆಯುವವರು ಅಂದಿನಿಂದ ಇಂದಿನವರೆಗೂ ಈ ಮಾತನ್ನು ಎತ್ತಿ ಹಿಡಿದು, ಲೋಖಂಡೆ ಕಾರ್ಮಿಕ ನಾಯಕರೋ ಅಥವಾ ಬರೀ ಪರೋಪಕಾರಿಯೋ ಎಂದು ಚರ್ಚಿಸುತ್ತ ಬಂದಿದ್ದಾರೆ.

ನಾವು ಇಪ್ಪತ್ತು ವರ್ಷ ಕಡತಗಳ ನಡುವೆ ಕಳೆದವರು. ಪಟ್ಟಿ, ನಿಧಿ, ನಿಯಮ ಮೂರೂ ಇರುವ ಸಂಘಗಳನ್ನು ಬೇಕಾದಷ್ಟು ನೋಡಿದ್ದೇವೆ. ವಾರ್ಷಿಕ ಮಹಾಸಭೆಗೆ ಕೋರಂ ಆಗದೆ ಅರ್ಧ ಗಂಟೆ ಮುಂದೂಡಿ, ಅದೇ ಒಂಬತ್ತು ಜನ ಮತ್ತೆ ಸೇರಿ ಲೆಕ್ಕಪತ್ರ ಮಂಜೂರು ಮಾಡುವುದನ್ನೂ ಬಲ್ಲೆವು. (ಯಾವ ಸಂಘವೆಂದು ಓದುಗರು ಕೇಳಬಾರದು.) ವರದಿ ಬರೆದ ಅಧಿಕಾರಿ ಸುಳ್ಳು ಹೇಳಲಿಲ್ಲ. ಆದರೆ ಪಟ್ಟಿಯಲ್ಲಿ ಹೆಸರು ಬರೆಸಿದವನನ್ನು ಮರುದಿನ ಜಾಬರ್ ಬಾಗಿಲಲ್ಲೇ ತಡೆಯುವ ಕಾಲದಲ್ಲಿ ಪಟ್ಟಿ ಇಡುವುದು ಯಾರ ಹಿತಕ್ಕೆ? ಪಗಾರ ಎರಡು ತಿಂಗಳಿಗೊಮ್ಮೆ ಕಾಣುವವನಿಂದ ವರ್ಗಣಿ ಎತ್ತುವುದು ಹೇಗೆ? ಪಟ್ಟಿಯಿಲ್ಲದ ಸಂಘವೇ 5,500 ಗುರುತುಗಳನ್ನೂ, ಬಯಲಿನಲ್ಲಿ ಹತ್ತು ಸಾವಿರ ಜನರನ್ನೂ ತಂದಿತು.

ಹಾಗೆಂದು ಆಕ್ಷೇಪಕ್ಕೆ ಹುರುಳೇ ಇಲ್ಲವೆಂದಲ್ಲ. ಲೋಖಂಡೆ ಇದ್ದಷ್ಟು ದಿನ ಅವರೇ ಸಂಘ, ಅವರು ಹೋದ ಮೇಲೆ ಸಂಘವೂ ಹೋಯಿತು. ನಿಯಮಾವಳಿ ಎಂಬ ಒಣ ಕಾಗದದ ಉಪಯೋಗವೇ ಅದು, ಮನುಷ್ಯ ಸತ್ತ ಮೇಲೂ ಅದು ಉಳಿಯುತ್ತದೆ. ಅವರು ಮುಷ್ಕರದ ನಾಯಕರೂ ಆಗಿರಲಿಲ್ಲ. ಮನವಿ, ಸಭೆ, ಲೇಖನ ಇಷ್ಟರಲ್ಲೇ ನಂಬಿಕೆ. ಸರಕಾರ ಕೊಟ್ಟ ರಾವ್ ಬಹಾದ್ದೂರ್ ಬಿರುದನ್ನೂ, ಜಸ್ಟಿಸ್ ಆಫ್ ದಿ ಪೀಸ್ ಪದವಿಯನ್ನೂ ಸ್ವೀಕರಿಸಿದರು. ಆಮೇಲಿನ ಕೆಂಬಾವುಟದ ನಾಯಕರಿಗೆ ಇದು ಹಿಡಿಸದಿದ್ದದ್ದು ಸಹಜ.

ಅವರ ಕೆಲಸ ಗಿರಣಿಯಷ್ಟಕ್ಕೇ ನಿಂತಿರಲಿಲ್ಲ. 1890ರಲ್ಲೇ ಮುಂಬಯಿಯ ಕ್ಷೌರಿಕರ ಸಭೆ ಕರೆದು, ವಿಧವೆಯರ ತಲೆ ಬೋಳಿಸುವ ಕೆಲಸಕ್ಕೆ ಇನ್ನು ಕತ್ತಿ ಎತ್ತುವುದಿಲ್ಲ ಎಂದು ಅವರಿಂದ ನಿಶ್ಚಯ ಮಾಡಿಸಿದರು. ಈ ಪದ್ಧತಿಯ ವಿರುದ್ಧ ಸುಧಾರಕರು ದೊಡ್ಡ ದೊಡ್ಡ ಪ್ರಬಂಧ ಬರೆಯುತ್ತಿದ್ದರು. ಲೋಖಂಡೆಗೆ ಹೊಳೆದದ್ದು ಕೈಕಸುಬಿನವನ ಉಪಾಯ, ಕತ್ತಿ ಹಿಡಿದವನೇ ಒಲ್ಲೆನೆಂದರೆ ಶಾಸ್ತ್ರಿಗಳು ಏನು ಮಾಡಿಯಾರು? 1893ರ ಆಗಸ್ಟಿನಲ್ಲಿ ಹಿಂದೂ ಮುಸಲ್ಮಾನರ ದಂಗೆ ಎದ್ದಾಗ ಗಿರಣಿಯ ಓಣಿಗಳಲ್ಲಿ ತಿರುಗಿ ಶಾಂತಿಗಾಗಿ ದುಡಿದರು.

1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಮಾಂಡವಿ ಎಂದರೆ ಲೋಖಂಡೆ ಹಿಂದೆ ಗುಮಾಸ್ತಿಕೆ ಮಾಡಿದ ಭಾಗವೇ. ರೋಗವನ್ನು ಗುರುತಿಸಿದವರು ಗೋವೆಯ ಮೂಲದ ಡಾಕ್ಟರ್ ಅಕಾಸಿಯೊ ವಿಯೇಗಸ್. ಚಳಿಗಾಲ ಬರುತ್ತಿದ್ದಂತೆ ಜನ ಊರು ಬಿಡತೊಡಗಿದರು. ಸುಮಾರು 8 ಲಕ್ಷ 20 ಸಾವಿರ ಜನರಿದ್ದ ಊರಿನಲ್ಲಿ 1897ರ ಫೆಬ್ರವರಿಯ ಹೊತ್ತಿಗೆ ಅರ್ಧಕ್ಕೆ ಹತ್ತಿರ ಖಾಲಿ. ಗಿರಣಿಗಳಿಗೆ ಆಳಿಲ್ಲ. ಅದುವರೆಗೆ ಪಗಾರ ಹಿಡಿದಿಡುತ್ತಿದ್ದ ಗಿರಣಿಗಳೇ ದಿನಗೂಲಿಯನ್ನು ಅಂದಂದಿಗೇ ಕೊಡುತ್ತೇವೆಂದು ಬೀದಿ ಮೂಲೆಗಳಲ್ಲಿ ಆಳುಗಳಿಗಾಗಿ ಪೈಪೋಟಿ ನಡೆಸಿದವು. ಹದಿಮೂರು ವರ್ಷದ ಮನವಿಗಳಿಂದ ಆಗದ್ದನ್ನು ಇಲಿಗಳು ಒಂದೇ ಚಳಿಗಾಲದಲ್ಲಿ ಮಾಡಿಸಿದವು.

ಜನವರಿ 10ರಂದು ಹಾಫ್ಕಿನ್ ಎಂಬ ವಿಜ್ಞಾನಿ ಭಾಯಖಳಾದ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ತಾನು ತಯಾರಿಸಿದ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ. ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂತು. 2020ರಲ್ಲಿ ನಮ್ಮನ್ನೆಲ್ಲ ಮನೆಯೊಳಗೆ ಕೂರಿಸಲು ಹುಡುಕಿ ತೆಗೆದ ಕಾಯಿದೆಗಳಲ್ಲಿ ಇದೂ ಒಂದು. ಊರು ಬಿಡಬಹುದಾಗಿದ್ದ ಲೋಖಂಡೆ ಬಿಡಲಿಲ್ಲ. ರೋಗಿಗಳ ಆರೈಕೆಯ ಏರ್ಪಾಟಿನಲ್ಲಿ ಓಡಾಡುತ್ತಿದ್ದವರು ತಾವೇ ಹಾಸಿಗೆ ಹಿಡಿದು ಫೆಬ್ರವರಿ 9ರಂದು ತೀರಿಕೊಂಡರು. ಐವತ್ತು ತುಂಬಿರಲಿಲ್ಲ. ಅವರ ಗುರುಪತ್ನಿ ಸಾವಿತ್ರಿಬಾಯಿ ಫುಲೆಯವರೂ ಪುಣೆಯಲ್ಲಿ ಪ್ಲೇಗಿನವರ ಸೇವೆ ಮಾಡುತ್ತಲೇ ಮುಂದಿನ ತಿಂಗಳು, ಮಾರ್ಚ್ 10ರಂದು, ಅದೇ ರೋಗಕ್ಕೆ ಬಲಿಯಾದರು.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. ವಿದ್ಯುದ್ದೀಪ ಬಂದು ದುಡಿತ ಮತ್ತೆ ಬೆಳೆಯಿತು. 1908ರಲ್ಲಿ ತಿಲಕರಿಗೆ ಆರು ವರ್ಷದ ಶಿಕ್ಷೆಯಾದಾಗ ಗಿರಣಿಯವರು ಆರು ದಿನ ಕೆಲಸ ನಿಲ್ಲಿಸಿದರು. 1909ರಲ್ಲಿ ಕಾಮಗಾರ ಹಿತವರ್ಧಕ ಸಭೆ, 1928ರಲ್ಲಿ ಗಿರಣಿ ಕಾಮಗಾರ ಯೂನಿಯನ್ ಹುಟ್ಟಿದವು. ಈಗ ಪಟ್ಟಿಯೂ ಇತ್ತು, ನಿಧಿಯೂ ಇತ್ತು. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಜನ ಹೊರಬಂದ ಮುಷ್ಕರ ವಿಧಿಪೂರ್ವಕವಾಗಿ ಮುಗಿಯಲೇ ಇಲ್ಲ. ಮುಗಿದದ್ದು ಗಿರಣಿಗಳು.

ಆದರೆ ರವಿವಾರದ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ನಮ್ಮ ತೀರ್ಥರೂಪರು ಕುಂದಾಪುರದ ಕಡೆಯಿಂದ 1968ರಲ್ಲಿ, ಹದಿನಾಲ್ಕರ ವಯಸ್ಸಿಗೆ, ಈ ಊರಿಗೆ ಬಂದು ಒಂದು ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯಲು ನಿಂತರು. ಮಾಲಿಕರು ನಮ್ಮವರೇ, ಊರಿನವರೇ. ರಾತ್ರಿ ಶಾಲೆಗೆ ಹೋಗಲು ಬಿಟ್ಟರು, ಅದಕ್ಕೆ ತಂದೆಯವರು ಇಂದಿಗೂ ಕೈ ಮುಗಿಯುತ್ತಾರೆ. ಆದರೆ ರವಿವಾರ? ಊರಿಗೆಲ್ಲ ರಜೆಯಾದ ದಿನವೇ ಹೋಟೆಲಿಗೆ ಜಾತ್ರೆ. ಹೆಂಡತಿ ಮಕ್ಕಳೊಡನೆ ಮಸಾಲೆ ದೋಸೆ ತಿನ್ನಲು ಬಂದ ಗಿರಣಿಯವರ ತಟ್ಟೆ ಎತ್ತಿದವರಲ್ಲಿ ಇವರೂ ಒಬ್ಬರು. ಮುಂಬಯಿ ಪ್ರಾಂತದಲ್ಲಿ ಅಂಗಡಿ ಹೋಟೆಲುಗಳ ನೌಕರರಿಗೆ ವಾರದ ರಜೆ ವಿಧಿಸಿದ ಕಾಯಿದೆ 1939ರಲ್ಲೇ ಬಂದಿತ್ತು. ಕಾಯಿದೆಯ ಫಲಕ ಗಲ್ಲಾದ ಹಿಂದೆ ತೂಗುತ್ತಿತ್ತಂತೆ, ಯಾರಿಗೆ ಯಾವ ವಾರ ರಜೆ ಎಂದು ಹೆಸರು ಸಮೇತ ಬರೆದು. ಆ ಹೆಸರುಗಳಲ್ಲಿ ತಮ್ಮದೂ ಇತ್ತೆಂದು ತಂದೆಯವರಿಗೆ ಗೊತ್ತಾದದ್ದು ಅಕ್ಷರ ಓದಲು ಚೆನ್ನಾಗಿ ಬಂದ ಮೇಲೆ, ರಾತ್ರಿ ಶಾಲೆಯ ಎರಡನೆಯ ವರ್ಷ. ಕೇಳಿದಿರಾ ಎಂದು ನಾವು ಒಮ್ಮೆ ಪ್ರಶ್ನಿಸಿದೆವು. "ಕೇಳೂದ್ ಹ್ಯಾಂಗೆ ಮಗಾ, ಉಂಬೂದ್ ಅವ್ರ ಮನೀ ಅನ್ನ ಅಲ್ದಾ" ಎಂದರು.

ಹೋಟೆಲಿನ ಹುಡುಗರನ್ನು ಸಂಘಟಿಸಲು ಆ ಕಾಲದಲ್ಲಿ ಓಡಾಡಿದವರಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಒಬ್ಬರು. ಗೋದಿ ಕೆಲಸಗಾರರ ನಾಯಕ ಪಿ. ಡಿಮೆಲ್ಲೊ ಅವರ ಗರಡಿಯಲ್ಲಿ ಪಳಗಿ ಅವರು ಈ ಊರಿನ ದೊಡ್ಡ ಹೆಸರಾದರು. ಅವರದು ಬೇರೆಯೇ ಲೇಖನಕ್ಕೆ ಆಗುವ ಕಥೆ, ಸಂಪಾದಕರು ಎಡೆ ಕೊಟ್ಟರೆ ಮುಂದೆಂದಾದರೂ ಬರೆದೇವು.

ಭಾರತದ ಅಂಚೆ ಇಲಾಖೆ ಲೋಖಂಡೆಯವರ ಸ್ಮರಣೆಗೆ 2005ರ ಮೇ 3ರಂದು ಒಂದು ಚೀಟಿ ಹೊರಡಿಸಿತು. ರೈಲಿನ ಅಂಚೆಯಲ್ಲಿ ದುಡಿದವರಿಗೆ ಅಂಚೆಯ ಚೀಟಿ. ಈ ಲೇಖನಕ್ಕಾಗಿ ಓದುತ್ತಿದ್ದಾಗ ತಂದೆಯವರಿಗೆ ಅದರ ಚಿತ್ರ ತೋರಿಸಿದೆವು. ಕನ್ನಡಕ ಏರಿಸಿ ನೋಡಿ, "ಹೋಟ್ಲಿನವ್ರಿಗೆ ಹೀಂಗೊಬ್ಬ ಆಯ್ಲಿಲ್ಯಲ್ದಾ" ಎಂದರು. ಅಂದು ರವಿವಾರ. ನೌಕರಿ ಬಿಟ್ಟು ವರ್ಷಗಳಾದರೂ ಬೆಳಗ್ಗೆ ನಾಲ್ಕಕ್ಕೇ ಎದ್ದು ಕೂತಿದ್ದರು.